ಕಾಯಿ ಸುರಿಯುವ ಸದ್ದು

ಕಡೂರಿನ ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಆರಿಸುವುದು ನನ್ನ ಕೆಲಸ. ಅಲ್ಲಿಗೆ ಒಬ್ಬ ಹೆಂಗಸು ಬಂದು ಸೇರಿಕೊಂಡಳು. ಲಂಕೆಯ ಯುದ್ಧದಲ್ಲಿ ಮನೆ ಕಳೆದುಕೊಂಡು ಓಡಿಬಂದವಳು. ಟ್ರ್ಯಾಕ್ಟರಿನಿಂದ ದಡದಡ ಕಾಯಿ ಸುರಿದರೆ ಅವಳಿಗೆ ಬಾಂಬು ಬಿದ್ದ ಹಾಗೆ. ಗೋಣಿಚೀಲಗಳ ಹಿಂದೆ ಅವಿತುಕೊಳ್ಳುತ್ತಿದ್ದಳು.

"ಹಿಂಗಾದ್ರೆ ಕೆಲ್ಸಕ್ಕೆ ಬರ್ಬೇಡಮ್ಮ" ಅಂದ ಮೇಸ್ತ್ರಿ. ಆ ಕೂಲಿ ಬಿಟ್ಟರೆ ಅವಳಿಗೆ ಬೇರೆ ಗತಿಯಿರಲಿಲ್ಲ.

ಆಸ್ಪತ್ರೆಯ ಮನಸ್ಸಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಸದ್ದನ್ನು ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ, ಹೇಳದೆ ಮಾತ್ರ ಸದ್ದು ಮಾಡಬೇಡಿ ಅಂದರು.

ಊಟದ ಹೊತ್ತಿನಲ್ಲಿ ಅವಳ ಮುಂದೆ ಕಾಯಿ ಬೀಳಿಸತೊಡಗಿದೆ. "ಬೀಳಿಸ್ತೀನಿ ಕಣೇ, ನಾನಿಲ್ಲೇ ಇದೀನಿ" ಅನ್ನುತ್ತಿದ್ದೆ. ಒಂದು ಕಾಯಿಯಿಂದ ಒಂದು ಬುಟ್ಟಿಗೆ ಬರುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು.

"ಏನಜ್ಜಿ, ಕಾಯಿಗೆ ನಡೆಯೋದು ಕಲಿಸ್ತಿದೀಯಾ?" ಎಂದು ಹಮಾಲರು ರೇಗಿಸಿದರು.

"ಬಾಯ್ಮುಚ್ಕಂಡು ಉಣ್ರೋ" ಅಂದೆ.

ಕೊನೆಗೊಂದು ದಿನ ಅವಳೇ ಟ್ರ್ಯಾಕ್ಟರಿನ ಪಕ್ಕ ನಿಂತು, "ಸುರಿಯಣ್ಣ" ಎಂದು ಕೂಗಿದಳು. ಕಾಯಿ ದಡದಡ ಬಿತ್ತು. ಕಣ್ಣು ಮುಚ್ಚಿಕೊಂಡಳು, ಜಾಗ ಬಿಡಲಿಲ್ಲ. ಒಂದು ಕಾಯಿ ಉರುಳಿಬಂದು ನನ್ನ ಕಾಲಿಗೆ ಬಡಿಯಿತು. ಕಿರುಚಿಕೊಂಡೆ.

"ಹೆದರ್ಬೇಡಜ್ಜಿ, ನಾನಿಲ್ಲೇ ಇದೀನಿ" ಅಂದಳು, ಕಳ್ಳಿ.

ಮಾರನೆಯ ದಿನ ಅವಳು ಕೆಲಸಕ್ಕೆ ಹೋದಳು. ನಾನು ಊದಿದ ಕಾಲು ಚಾಚಿಕೊಂಡು ಮನೆಯಲ್ಲಿ ಕೂತಿದ್ದೆ.