ಲುವಾನ್ ನದಿಯ ನೀರಿನ ಬಣ್ಣ

ಐರ್ಲೆಂಡಿನ ಲೀಕ್ಸ್‌ಲಿಪ್ ಊರಿನ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯಲ್ಲಿ ನನ್ನದು ಹನ್ನೆರಡು ಗಂಟೆಯ ಪಾಳಿ. ಮೈತುಂಬ ಬಿಳಿ ಸೂಟು, ಹಳದಿ ಬೆಳಕು, ಕಿಟಕಿಯಿಲ್ಲದ ಕೋಣೆ. ರಜೆಯ ದಿನ ಜಲವರ್ಣದ ತರಗತಿಗೆ ಸೇರಿದ್ದು ಚಿತ್ರ ಕಲಿಯುವ ಹುಚ್ಚಿನಿಂದಲ್ಲ. ಎರಡು ಗಂಟೆ ಯಾರೂ ಏನೂ ಕೇಳದಂಥ ಜಾಗ ನನಗೆ ಬೇಕಿತ್ತು.

ಪಾಠ ಹೇಳುತ್ತಿದ್ದವರು ಎಂಬತ್ತರ ಹತ್ತಿರದ ಐರಿಶ್ ಹೆಂಗಸು, ನಿವೃತ್ತ ಶಾಲಾ ಶಿಕ್ಷಕಿ. ಒಂದು ದಿನ ಹಳೆಯ ಚಿತ್ರವೊಂದರ ಪ್ರತಿಯನ್ನು ಮೇಜಿನ ಮೇಲೆ ಹರಡಿದರು. ನದಿ, ಕಲ್ಲಿನ ಕಮಾನು ಸೇತುವೆ, ದಡದಲ್ಲಿ ಬಟ್ಟೆ ಒಗೆಯುವ ಹೆಂಗಸರು. ಫ್ರಾನ್ಸಿನಲ್ಲಿ ಲುವಾನ್ ನದಿಯ ದಡದ ಗ್ರೇ ಎಂಬ ಸಣ್ಣ ಊರು. ನೂರು ವರ್ಷಕ್ಕೂ ಹಿಂದೆ ಐರ್ಲೆಂಡಿನಿಂದ, ಸ್ವೀಡನ್ನಿನಿಂದ, ಅಮೆರಿಕದಿಂದ ಕಲಾವಿದರು ಹೋಗಿ, ಅಲ್ಲಿನ ಹೋಟೆಲುಗಳಲ್ಲಿ ಉಳಿದು, ನದಿಯ ದಡದಲ್ಲಿ ಕೂತು ಚಿತ್ರ ಬರೆದಿದ್ದರಂತೆ.

"ಜೀವನಪೂರ್ತಿ ಮಕ್ಕಳಿಗೆ ಇದನ್ನ ಪಾಠ ಮಾಡ್ದೆ, ನಾನು ಮಾತ್ರ ಹೋಗ್ಲಿಲ್ಲ," ಎಂದರು.

ಮೊದಲು ತಾಯಿಯ ಕಾಯಿಲೆ, ಆಮೇಲೆ ಗಂಡನದು. ಈಗ ಅವರ ದೃಷ್ಟಿಯ ನಡುಭಾಗವೇ ಮಸುಕಾಗುತ್ತ ಬಂದಿತ್ತು. ಅಂಚಿನಲ್ಲಿ ಮಾತ್ರ ಅಷ್ಟಿಷ್ಟು ಕಾಣುತ್ತಿತ್ತು.

"ನನ್ ಜೊತೆ ಬರ್ತೀಯಾ?"

ಇಲ್ಲವೆನ್ನುವ ಶಕ್ತಿಯೂ ನನ್ನಲ್ಲಿರಲಿಲ್ಲ.

ನನ್ನ ಭಾರತದ ಪಾಸ್‌ಪೋರ್ಟಿಗೆ ಫ್ರಾನ್ಸಿನ ವೀಸಾ ಬೇಕಿತ್ತು. ಅದರ ಅಪಾಯಿಂಟ್‌ಮೆಂಟ್ ಸಿಗುವುದಕ್ಕೇ ತಿಂಗಳುಗಳು ಹಿಡಿದವು. ಅಷ್ಟರಲ್ಲಿ ಅವರು ಪತ್ರಿಕೆ ಓದುವುದನ್ನು ಬಿಟ್ಟಿದ್ದರು.

"ನೀನೇ ನಿಂತಲ್ಲಿ ನಿದ್ದೆ ಮಾಡ್ತಿದೀಯ, ಅವ್ರನ್ನ ಹೆಂಗೆ ನೋಡ್ಕೋತೀಯ?" ಎಂದ ನನ್ನ ಗಂಡ.

"ಅವ್ರೇ ನನ್ನ ನೋಡ್ಕೋತಾರೆ ಬಿಡು," ಎಂದೆ.

ತಮಾಷೆಗೆ ಆಡಿದ ಮಾತು ನಿಜವಾಯಿತು. ರಾತ್ರಿ ಪಾಳಿ ಮುಗಿಸಿದವಳೇ ಅವರೊಂದಿಗೆ ವಿಮಾನ ಹತ್ತಿದ್ದೆ. ಪ್ಯಾರಿಸ್‌ನಿಂದ ರೈಲು, ಆಮೇಲೆ ಟ್ಯಾಕ್ಸಿ. ಮಧ್ಯಾಹ್ನ ಸೇತುವೆಯ ಪಕ್ಕದ ಹುಲ್ಲಿನ ಮೇಲೆ ಅವರನ್ನು ಕೂರಿಸಿ ನಾನೂ ಕೂತದ್ದಷ್ಟೇ ನೆನಪು. ಎಚ್ಚರವಾದಾಗ ನನ್ನ ಮೈಮೇಲೆ ಅವರ ಕೋಟಿತ್ತು. ಬಿಸಿಲು ಹೋಗಿತ್ತು. ಅಷ್ಟು ವರ್ಷ ಕಾದು ಬಂದವರ ಮಧ್ಯಾಹ್ನವನ್ನು ನಾನು ನಿದ್ದೆಯಲ್ಲಿ ಕಳೆದಿದ್ದೆ. ಅಳು ಬಂತು.

"ಯಾಕೆ ಎಬ್ಬಿಸ್ಲಿಲ್ಲ ನೀವು?"

"ನಿನ್ನ ಮುಖ ನಂಗೆ ಸರಿಯಾಗಿ ಕಾಣಲ್ಲ. ಉಸಿರು ಕೇಳಿಸ್ತಿತ್ತು. ಅಷ್ಟು ದಣಿದವಳನ್ನ ಎಬ್ಬಿಸೋಕೆ ಮನಸ್ಸಾಗ್ಲಿಲ್ಲ. ನಾನು ಗ್ರ್ಯಾಂಡ್, ಆರಾಮಾಗೇ ಇದ್ದೆ."

ಮರುದಿನ ಬೆಳಿಗ್ಗೆ ಜಿನುಗು ಮಳೆ. ಒಂದೇ ಛತ್ರಿಯಡಿ ಸೇತುವೆಯ ಮೇಲೆ ನಿಂತೆವು.

"ನೀರು ಯಾವ ಬಣ್ಣ?" ಎಂದು ಕೇಳಿದರು.

"ಹಸಿರು."

"ಎಂಥ ಹಸಿರು?"

ಬಾಗಿ ನೋಡಬೇಕಾಯಿತು. "ದಡದ ಹತ್ರ ಮರದ ನೆರಳಿನ ಹಸಿರು. ನಡುವೆ ಕಂದು, ಹಾಲು ಹಾಕದ ಟೀ ಥರ. ಕಮಾನಿನ ಕೆಳಗೆ ಕಪ್ಪು." ಹೀಗೇ ಎಷ್ಟೋ ಹೊತ್ತು ಹೇಳುತ್ತ ಹೋದೆ. ಕೊನೆಗೆ ಹೇಳಲು ಏನೂ ಉಳಿಯದೆ, "ನಮ್ಮ ಲೀಕ್ಸ್‌ಲಿಪ್‌ನ ಲಿಫಿ ನದಿ ಥರಾನೇ ಇದೆ," ಎಂದುಬಿಟ್ಟೆ.

ಅವರು ನಕ್ಕರು. "ಹಂಗಾದ್ರೆ ಆ ಕಲಾವಿದರೆಲ್ಲ ಇಷ್ಟು ದೂರ ಯಾಕೆ ಬಂದ್ರು?"

ನಿಲ್ದಾಣಕ್ಕೆ ಹೋಗುವ ಟ್ಯಾಕ್ಸಿ ಬರುವವರೆಗೆ ನನ್ನ ತೋಳು ಹಿಡಿದು ನದಿಯತ್ತ ಮುಖಮಾಡಿ ನಿಂತಿದ್ದರು.

ಆ ಚಳಿಗಾಲಕ್ಕೆ ಅವರು ತರಗತಿ ನಿಲ್ಲಿಸಿದರು. ಈಗ ರಜೆಯ ದಿನ ಅವರ ಮನೆಗೆ ಹೋಗಿ, ಅಂಚೆಯಲ್ಲಿ ಬಂದ ಕಾಗದಗಳನ್ನು ಓದಿ ಹೇಳುತ್ತೇನೆ. ಪಾಳಿ ಬದಲಾಗಿಲ್ಲ, ದಣಿವೂ ಇಳಿದಿಲ್ಲ. ಹೋಗಲೇಬೇಕೆಂದೇನಿಲ್ಲ, ಆದರೂ ಹೋಗುತ್ತೇನೆ.