ಚಹಾ ಜಾಡಿಗೆ ಅಡ್ಡ ಹೋದ ಸೂಲಗಿತ್ತಿ

ಸುಗಿನೋ ಊರಿನಲ್ಲಿ ಶಿಗೆ ಅಜ್ಜಿಯ ಕೈಗೆ ಬೀಳದೆ ಭೂಮಿಗೆ ಬಿದ್ದವರು ಕಡಿಮೆ. ಊರ ಮುಖ್ಯಸ್ಥ ಗೆನ್‌ಜೋನನ್ನು ಕಾಲು ಹಿಡಿದು ಹೊರಗೆಳೆದವಳೂ ಅವಳೇ. ಅವನು ಗತ್ತು ತೋರಿಸಿದಾಗಲೆಲ್ಲ, "ನೀನು ನಂಗೆ ಮೊದ್ಲು ತೋರಿಸಿದ್ದು ಅಂಡು ಕಣೋ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಊರ ನಡುವೆ ಎದೊ ಪಟ್ಟಣಕ್ಕೆ ಹೋಗುವ ಹೆದ್ದಾರಿ. ಸಾಮಂತರ ಮೆರವಣಿಗೆ ಬಂದರೆ ಎಲ್ಲರೂ ಅಡ್ಡಬೀಳಬೇಕು, ದಾಟಿದವನ ತಲೆ ಉರುಳುತ್ತದೆ. ದಾಟುವ ಅಪ್ಪಣೆ ಇದ್ದದ್ದು ಸೂಲಗಿತ್ತಿಗೆ ಮಾತ್ರ. ಹೆರಿಗೆ ಯಾವ ದೊರೆಗೂ ಕಾಯುವುದಿಲ್ಲವಲ್ಲ. ಆದರೆ ಬೇಸಿಗೆಯಲ್ಲಿ ಬರುವ ದೊರೆ ಮನುಷ್ಯನೇ ಅಲ್ಲ, ಎದೊದಲ್ಲಿ ಕೂತು ನಾಡನ್ನೇ ಆಳುವ ಶೋಗುನರು ಕುಡಿಯುವ ಚಹಾದ ಜಾಡಿ. ಪಲ್ಲಕ್ಕಿ, ಭರ್ಜಿ, ಕತ್ತಿ, ಅಷ್ಟೂ ಪಟಾಲಂ ಒಂದು ಮಣ್ಣಿನ ಜಾಡಿಗೆ! ಅವತ್ತು ಗದ್ದೆಗಿಳಿಯುವಂತಿಲ್ಲ, ಒಲೆ ಹೊಗೆಯಾಡುವಂತಿಲ್ಲ. ಅದು ಛತ್ರದಲ್ಲಿ ದಣಿವಾರಿಸಿಕೊಂಡು (ಪಾಪ, ನಡೆದು ಸುಸ್ತಾಗಿರುತ್ತದೆ) ಊರು ಬಿಡುವ ತನಕ ಯಾರೂ ತಲೆ ಎತ್ತುವಂತಿಲ್ಲ. ಮೇಲಿನವರಿಗೆ ತಲೆ ಕೆಟ್ಟರೆ ಕೆಳಗಿನವರ ಮೂಗಿಗೆ ಮಣ್ಣು, ಇನ್ನೇನು.

ಎರಡು ವರ್ಷದ ಹಿಂದೆ ಹೀಗೇ ಜಾಡಿ ಬಂದ ದಿನ, ರಸ್ತೆಯಾಚೆ ರೈತ ಮೊಹೇಯ ಹೆಂಡತಿ ತಕಿಗೆ ಚೊಚ್ಚಲ ನೋವು. ಅಜ್ಜಿ ಈಚೆ. ದಾಟುತ್ತೇನೆಂದರೆ ಗೆನ್‌ಜೋ ತಡೆದ, ಅಪ್ಪಣೆ ಇರುವುದು ಸಾಮಂತರ ಮಟ್ಟಿಗೆ, ಜಾಡಿಯ ವಿಷಯ ಬರೆದಿಲ್ಲ ಎಂದ. ಅಜ್ಜಿ ಹೆದರಿ ಮೂಗು ಮಣ್ಣಿಗೊತ್ತಿ ಬಿದ್ದುಕೊಂಡಳು. ಆಮೇಲೆ ಓಡಿಹೋಗಿ ನೋಡಿದರೆ ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡು ಮಗು ನೀಲಿಯಾಗಿತ್ತು. ತಕಿ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅಜ್ಜಿಯ ಗಂಟಲಲ್ಲಿ ಅನ್ನವಾದರೂ ಇಳಿಯುತ್ತಿತ್ತು.

ಈ ವರ್ಷ ನೋಡಿ ಗ್ರಹಚಾರ, ಜಾಡಿ ಬರುವ ದಿನವೇ ತಕಿಗೆ ಮತ್ತೆ ನೋವು. ಮೊಹೇಗೆ ಬಿಟ್ಟಿ ಚಾಕರಿಯ ಸರದಿ, ಅದೂ ಜಾಡಿಯ ಪಲ್ಲಕ್ಕಿಗೇ ಹೆಗಲು ಕೊಡುವುದು. ಅಜ್ಜಿ ಪಕ್ಕದ ಹಳ್ಳಿಯಲ್ಲಿ ಇನ್ನೊಂದು ಹೆರಿಗೆ ಮುಗಿಸಿ ಬರುವಷ್ಟರಲ್ಲಿ ಮೆರವಣಿಗೆ ಊರೊಳಗೆ ಬಂದುಬಿಟ್ಟಿತ್ತು. ಎಲ್ಲರ ಜೊತೆ ಅವಳೂ ಬಿದ್ದುಕೊಂಡಳು. ಆಚೆಯಿಂದ ತಕಿ ನರಳುವುದು ಕೇಳಿಸಿತು.

ತಲೆ ಎತ್ತಬಾರದು ಎಂದಿತ್ತೇ ಹೊರತು ತೆವಳಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಅಜ್ಜಿ ಹಣೆ ನೆಲಕ್ಕೆ, ಅಂಡು ಆಕಾಶಕ್ಕೆ ಮಾಡಿಕೊಂಡು ಅಂಬೆಗಾಲಿಕ್ಕಿ ರಸ್ತೆಗೆ ಇಳಿದೇಬಿಟ್ಟಳು. ಪಲ್ಲಕ್ಕಿ ಗಕ್ಕನೆ ನಿಂತಿತು. ಕಾವಲಿನ ಅಧಿಕಾರಿ ಕತ್ತಿ ಹಿರಿದ.

"ಕಡೀರಿ ಒಡೆಯಾ," ಎಂದಳು ಅಜ್ಜಿ, ನೆಲ ನೋಡುತ್ತಲೇ. "ಆದ್ರೆ ಈಗಷ್ಟೇ ಹೆರಿಗೆ ಮಾಡಿಸ್ಕೊಂಡು ಬಂದೀನಿ, ಮೈಯೆಲ್ಲ ಪುರುಡು. ಒಂದು ಹನಿ ರಕ್ತ ಆ ಜಾಡಿಗೆ ಸಿಡಿದ್ರೆ, ಆ ಚಹಾನ ಶೋಗುನರಿಗೆ ನೀವೇ ಕುಡಿಸ್ಬೇಕು."

ಅಧಿಕಾರಿಯ ಕೈ ಗಾಳಿಯಲ್ಲೇ ನಿಂತಿತು. ಚಹಾ ಮೈಲಿಗೆಯಾದರೆ ತಪ್ಪಿಗೆ ಶಿಕ್ಷೆಯಾಗಿ ಅವನು ತನ್ನ ಹೊಟ್ಟೆಯನ್ನೇ ಸೀಳಿಕೊಳ್ಳಬೇಕು. ಸುತ್ತ ನೋಡಿದ. ಊರಿಗೆ ಊರೇ ಮೂಗು ಮಣ್ಣಿಗಿಟ್ಟು ಬಿದ್ದಿತ್ತು, ಕಂಡವರು ಯಾರೂ ಇಲ್ಲ. ಅಷ್ಟರಲ್ಲಿ ಅಜ್ಜಿ ಹೊರೆಯಾಳುಗಳ ಕಾಲ ಮುಂದೆಯೇ ತೆವಳಿ ಆಚೆ ಸೇರಿದ್ದಳು.

"ಏನು ಅಡ್ಡ ಹೋಗಿದ್ದು?" ಎಂದು ಅಧಿಕಾರಿ ಪಕ್ಕದಲ್ಲೇ ಅಡ್ಡಬಿದ್ದಿದ್ದ ಗೆನ್‌ಜೋನನ್ನು ಕೇಳಿದ.

"ಬೆಕ್ಕಿರ್ಬೇಕು ಒಡೆಯಾ," ಎಂದ ಗೆನ್‌ಜೋ, ಮೂಗೆತ್ತದೆ. "ಮುದಿ ಬೆಕ್ಕು."

ಮೆರವಣಿಗೆಯ ಕಡತದಲ್ಲಿ ಬೆಕ್ಕೆಂದೇ ಬರೆಸಿ ಅಧಿಕಾರಿ ಕತ್ತಿ ಒಳಗೆ ಹಾಕಿದ.

ಜಾಡಿ ಛತ್ರದಲ್ಲಿ ದಣಿವಾರಿಸಿಕೊಂಡಿತು. ಮೊಹೇ ಪಲ್ಲಕ್ಕಿಯ ಪಕ್ಕದಲ್ಲೇ ಕೂತು ಮನೆಯ ಕಡೆ ಕಿವಿಗೊಟ್ಟಿದ್ದ. ಏನೂ ಕೇಳಲಿಲ್ಲ. ಕೊನೆಗೆ ಹೊರಡುವ ಕೂಗಾಯಿತು, ದಂಡಿಗೆಗೆ ಹೆಗಲು ಕೊಟ್ಟು ಎದ್ದ. ಆಗ ಆ ನಿಶ್ಶಬ್ದದಲ್ಲಿ ಗಂಟಲು ಹರಿಯುವಂಥ ಅಳು ಕೇಳಿತು.

ಅಧಿಕಾರಿ ಬೀಳ್ಕೊಡಲು ಬಂದಿದ್ದ ಗೆನ್‌ಜೋನತ್ತ ತಿರುಗಿದ.

"ಅದೇ ಬೆಕ್ಕಿನ ಮರಿ, ಒಡೆಯಾ," ಎಂದ ಗೆನ್‌ಜೋ.

ಮೊಹೇಯ ಎರಡೂ ಕೈ ದಂಡಿಗೆಯ ಮೇಲಿದ್ದವು, ಕಣ್ಣೊರೆಸಿಕೊಳ್ಳುವಂತಿರಲಿಲ್ಲ. ಹೆಗಲು ನಡುಗಿ ಶೋಗುನರ ಜಾಡಿ ಗಡಗಡ ಅಲುಗಿತು. ಅಧಿಕಾರಿ ಅದನ್ನೂ ನೋಡಲಿಲ್ಲ.