ಕೌದಿ ಹೊದ್ದ ಪೆಟ್ಟಿಗೆ

ಕಡಲಾಚೆಯ ಹೇವರ್ಡ್‌ ಊರಿನ ಒಂದು ಶೀತಲಗೃಹದಲ್ಲಿ ಕುಬೇರಪ್ಪನ ಕೆಲಸವೆಂದರೆ ತಣ್ಣಗಿರುವುದನ್ನು ತಣ್ಣಗೇ ಇಡುವುದು. ದಿನವಿಡೀ ಬಾಗಿಲು ತೆರೆಯುವುದು, ಉಷ್ಣಮಾಪಕದ ಮುಳ್ಳು ನೋಡುವುದು, ಮುಚ್ಚುವುದು. ರಜೆಯ ದಿನ ಮಾತ್ರ ಈ ಗದಗಿನ ಮನುಷ್ಯ ಬೆಚ್ಚಗಿನದೊಂದನ್ನು ಕಾಯುತ್ತಿದ್ದ. ಮನೆಯ ಗ್ಯಾರೇಜಿನಲ್ಲಿ ಬಿಯರು ಮಾಡುತ್ತಿದ್ದ.

ಹೋದ ಚಳಿಗಾಲದ ಬಿಯರು ಕೆಟ್ಟಿತ್ತು. ಮೊಳಕೆ ಬರಿಸಿ ಒಣಗಿಸಿದ ಕಾಳಿನ ನುಚ್ಚು ಬಿಸಿನೀರಿನಲ್ಲಿ ಒಂದು ತಾಸು ನೆನೆಯಬೇಕು. ಅಷ್ಟು ಹೊತ್ತೂ ಶಾಖ ಅರವತ್ತೇಳು ಡಿಗ್ರಿಯ ಆಸುಪಾಸಿನಲ್ಲೇ ನಿಂತರೆ ಕಾಳಿನೊಳಗಿನ ಹಿಟ್ಟು ಸಿಹಿಯಾಗುತ್ತದೆ; ಆ ಸಿಹಿಯೇ ಮುಂದೆ ಹುಳಿತು ಬಿಯರಾಗುವುದು. ಅಂದು ನಡುವೆಯೇ ಆರಿಹೋಗಿತ್ತು. ಗೆಳೆಯ, ಮಂಡ್ಯದ ಜಯರಾಮ್, ಒಂದು ಗುಟುಕು ಕುಡಿದು, "ಇದೇನು ಬಿಯರಾ, ಗಂಜಿ ತಿಳೀನಾ ಕುಬೇರಪ್ಪ?" ಎಂದಿದ್ದ. ಎಲ್ಲರ ಜೊತೆ ಕುಬೇರಪ್ಪನೂ ನಕ್ಕಿದ್ದ. ಆಮೇಲೆ ಬಹಳ ದಿನ ಪಾತ್ರೆ ಮುಟ್ಟಿರಲಿಲ್ಲ.

ಈಗ ಜಯರಾಮನ ಐವತ್ತನೆಯ ಹುಟ್ಟುಹಬ್ಬ ಹತ್ತಿರ ಬಂದಿತ್ತು. ಬಿಯರು ತಾನೇ ತರುವುದಾಗಿ ಕುಬೇರಪ್ಪ ಹೇಳಿಯಾಗಿತ್ತು. ಮಂಡ್ಯದವನಿಗೆಂದೇ ಬಾರ್ಲಿಯ ಜೊತೆ ರಾಗಿಯನ್ನೂ ಮೊಳಕೆ ಕಟ್ಟಿ ಒಣಗಿಸಿದ್ದ. ಇದು ಕೆಟ್ಟರೆ ಮತ್ತೆ ಮಾಡಲು ದಿನಗಳಿರಲಿಲ್ಲ.

ಜನವರಿಯ ಬೆಳಗು. ಊರ ಪಕ್ಕದ ಕೊಲ್ಲಿಯ ಮಂಜು ಗ್ಯಾರೇಜಿನ ಬಾಗಿಲಡಿಯಿಂದ ನುಸುಳುತ್ತಿತ್ತು. ತಂಪಿನಂತೆ ಬಿಸಿಯನ್ನೂ ಹಿಡಿದಿಡುವ ಪಿಕ್ನಿಕ್ಕಿನ ಐಸ್ ಪೆಟ್ಟಿಗೆಗೆ ಮೊದಲು ಕುದಿನೀರು ಸುರಿದು ಬೆಚ್ಚಗಾಗಿಸಿ ಚೆಲ್ಲಿದ. ಆಮೇಲೆ ನುಚ್ಚು, ಬಿಸಿನೀರು ಹಾಕಿ ಕಲಕಿದ. ಮುಳ್ಳು ಅರವತ್ತೇಳಕ್ಕೆ ನಿಂತಿತು. ಮುಚ್ಚಳ ಹಾಕಿದ. ಆದರೆ ಕೈ ಸುಮ್ಮನಿರಬೇಕಲ್ಲ. ತೆರೆದು ನೋಡಿದ, ಮುಚ್ಚಿದ, ಮತ್ತೆ ತೆರೆದ. ತೆರೆದಾಗಲೆಲ್ಲ ಹಬೆ ಎದ್ದು ಹೋಗುತ್ತಿತ್ತು. ಮುಳ್ಳು ಅರವತ್ತನಾಲ್ಕಕ್ಕೆ ಇಳಿಯಿತು.

ಚಹಾ ತಂದ ಹೆಂಡತಿ ದಾನವ್ವ ನೋಡುತ್ತ ನಿಂತಳು.

"ಮೊಸರಿಗೆ ಹೆಪ್ಪ ಹಾಕಿ ಹಿಂಗ ಘಳಿಗಿಗೊಮ್ಮೆ ತಗದ ನೋಡಿದ್ರ ಗಟ್ಟಿ ಆಗತೈತೇನು?"

"ಇದು ಮೊಸರಲ್ಲ."

"ಗೊತ್ತೈತ್ರಿ. ಮೊಸರಾಗಿದ್ರ ಜಯರಾಮಣ್ಣ ನಗತಿದ್ದಿಲ್ಲ."

ಒಳಗೆ ಹೋಗಿ, ಅತ್ತೆ ಹಳೆಯ ಇಳಕಲ್ ಸೀರೆಗಳಿಂದ ಹೊಲಿದಿದ್ದ ಕೌದಿ ತಂದಳು.

"ಅವ್ವನ ಕೌದಿ ಬ್ಯಾಡ. ವಾಸನಿ ಹತ್ತತೈತಿ."

"ಕೌದಿ ಹಸೀಬಾರದಂತ ಅತ್ತಿಯಾರು ಮೂಲ್ಯಾಗ ರೊಟ್ಟಿ ಚೂರ ಇಟ್ಟ ಹೊಲದಾರ. ಇಷ್ಟ ವರ್ಷ ಬರೇ ರೊಟ್ಟಿ ಮ್ಯಾಲ ಐತಿ, ಪಾಪ. ಇವತ್ತ ಒಂದೀಟು ಕುಡೀಲಿ ಬಿಡ್ರಿ."

ಕುಬೇರಪ್ಪನಿಗೆ ನಗು ಬಂತು. ಕುದಿನೀರು ಸ್ವಲ್ಪ ಸ್ವಲ್ಪವೇ ಬೆರೆಸಿ ಮುಳ್ಳನ್ನು ಮೇಲೆ ತಂದ. ದಾನವ್ವ ಮುಚ್ಚಳ ಒತ್ತಿ, ಕೌದಿ ಮಡಿಸಿ ಸುತ್ತಿ, ಅದರ ಮೇಲೆ ಕೂತೇಬಿಟ್ಟಳು.

"ಏಳ, ಒಮ್ಮೆ ನೋಡತೇನಿ."

"ತಾಸಾದ ಮ್ಯಾಲ."

ಅವನು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದ. ಅವಳು ತನ್ನ ಚಹಾ ಕುಡಿದು, ಆರುತ್ತಿದ್ದ ಅವನ ಚಹಾವನ್ನೂ ಕುಡಿದಳು.

ತಾಸಾಯಿತು. ಮುಳ್ಳು ಅರವತ್ತಾರರಲ್ಲಿತ್ತು. ತಟ್ಟೆಗೆ ಒಂದು ಚಮಚ ರಸ ಹಾಕಿ ಅಯೋಡಿನ್ ಹನಿಸಿದ. ಹಿಟ್ಟು ಉಳಿದಿದ್ದರೆ ಕಪ್ಪಾಗಬೇಕು. ಹನಿ ಚಹಾದ ಬಣ್ಣದಲ್ಲೇ ಉಳಿಯಿತು. ಪೆಟ್ಟಿಗೆಯಿಂದ ಬೇರೆ ಚಮಚದಲ್ಲಿ ತೆಗೆದು ನಾಲಿಗೆಗಿಟ್ಟುಕೊಂಡ. ಸಿಹಿ, ಹಿಂದೆಯೇ ಹುರಿದ ರಾಗಿಯ ಘಮ.

"ಆತು," ಎಂದು ಗೋಡೆಗೊರಗಿ ನೆಲದ ಮೇಲೇ ಕೂತ.

ದಾನವ್ವ ಪಕ್ಕಕ್ಕೆ ಬಂದು, ಇನ್ನೂ ಬಿಸಿಯಾಗಿದ್ದ ಕೌದಿಯನ್ನು ಇಬ್ಬರ ಕಾಲಿನ ಮೇಲೂ ಎಳೆದುಕೊಂಡಳು.